ಹಳೇ ಕೆನರಾ ಜಿಲ್ಲೆಯ ಪಟ್ಟಿ ಮಾಡಿಕೊಂಡದ್ದು ಹೀಗೆ

ಕರಾವಳಿಯ ಹಳೇ ಮನೆತನಗಳ ಕಾಗದಪತ್ರ ಓದಿ ಕುಟುಂಬದ ಚರಿತ್ರೆ ಬರೆದುಕೊಡುವುದು ನನ್ನ ಕೆಲಸ. ಇದಕ್ಕೆ ಹಳೇ ಕೈಬರಹ ಓದಲು ಬಂದರಷ್ಟೇ ಸಾಲದು. ಕಾಗದ ಬರೆದ ವರ್ಷ ಆ ಊರು ಯಾವ ತಾಲೂಕು, ಯಾವ ಜಿಲ್ಲೆ, ಯಾವ ರಾಜ್ಯ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಸುಮ್ನೆ ಸಂಬಂಧವಿಲ್ಲದ ಆಫೀಸಿಗೆಲ್ಲ ಅಲೆಯಬೇಕಾಗುತ್ತದೆ. ಹಾಗಾಗಿ ನನ್ನದೇ ಒಂದು ಪಟ್ಟಿ ಮಾಡಿಕೊಂಡೆ.

ಜನ ಜಾಸ್ತಿ ಈಗಿನ ಜಿಲ್ಲೆಯಿಂದ ಹಿಂದಕ್ಕೆ ಹುಡುಕುತ್ತಾ ಹೋಗುತ್ತಾರೆ. ನಾನು 1799ರಿಂದ ಶುರು ಮಾಡಿ ಮುಂದಕ್ಕೆ ಬಂದೆ, ಅದೂ ತಾಲೂಕಿನ ಲೆಕ್ಕದಲ್ಲಿ. ಕೈಬದಲಾದಾಗಲೆಲ್ಲ ತಾಲೂಕುಗಳೇ ಇಡಿಯಾಗಿ ಅತ್ತಿತ್ತ ಹೋಗಿವೆ, ಅದಕ್ಕೆ.

ಟಿಪ್ಪು ಸತ್ತ ಮೇಲೆ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಕೆನರಾ ಮದ್ರಾಸಿನ ಆಡಳಿತಕ್ಕೆ ಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಕಾರವಾರದಿಂದ ನೀಲೇಶ್ವರದವರೆಗಿನ ಕರಾವಳಿ ಎಲ್ಲ ಇದರೊಳಗೆ. ಆದರೆ ಅಮರ ಸುಳ್ಯದ ಮಾಗಣೆಗಳು, ಅಂದರೆ ಹಲವು ಗ್ರಾಮಗಳ ಗುಂಪುಗಳು, ಆಗ ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಅವನ್ನು ಕೆನರಾಕ್ಕೆ ಸೇರಿಸಿದರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿದ್ದು ಅಲ್ಲಿ ಕಂಪನಿಯ ವಿರುದ್ಧ ಎದ್ದ 1837ರ ದಂಗೆಗೆ ಒಂದು ಕಾರಣ. ಸುಳ್ಯದ ಕಡೆಯ ಮನೆತನ ಅಂದರೆ ನಾನು ಮೊದಲು ನೋಡುವುದು ಕಾಗದ 1834ಕ್ಕೆ ಮೊದಲಿನದೋ, ನಂತರದ್ದೋ ಅಂತ.

1860ರ ಹೊತ್ತಿಗೆ ಕೆನರಾ ಉತ್ತರ, ದಕ್ಷಿಣ ಅಂತ ಎರಡಾಯಿತು. 1862ರಲ್ಲಿ ಉತ್ತರ ಭಾಗ ಬೊಂಬಾಯಿಗೆ ಹೋಯಿತು. ಇಲ್ಲಿ ಕುಂದಾಪುರದ್ದೇ ತಲೆನೋವು. ಭಾಗ ಮಾಡುವಾಗ ಅದನ್ನು ಉತ್ತರಕ್ಕೆ ಹಾಕಿದ್ದರು, 1862ರಲ್ಲಿ ದಕ್ಷಿಣಕ್ಕೆ ವಾಪಸ್ ತಂದರು. ನನ್ನ ಪಟ್ಟಿಯಲ್ಲಿ ಆ ನಡುವಿನ ಕಾಲಕ್ಕೆ ಕೆಂಪು ಶಾಯಿಯ ಗೆರೆ ಇದೆ.

ತಾಲೂಕಿನ ಹೆಸರೂ ಮೋಸ ಮಾಡುತ್ತದೆ. ಒಬ್ಬರು ಮೂಲಗೇಣಿ ಚೀಟು, ಅಂದರೆ ಶಾಶ್ವತ ಗೇಣಿಯ ಪತ್ರ, ತಂದರು. ಮಡಿಕೆಯ ಜಾಗದಲ್ಲಿ ಕಾಗದ ಹರಿದಿತ್ತು, ವರ್ಗದ (ಕಂದಾಯ ಖಾತೆಯ) ನಂಬರ್ ಅರ್ಧ ಹೋಗಿತ್ತು. ತಲೆಬರಹದಲ್ಲಿ ಮಾತ್ರ ‘ಉಪ್ಪಿನಂಗಡಿ ತಾಲೂಕು’ ಅಂತ ಸ್ಪಷ್ಟವಾಗಿತ್ತು. ‘ನಮ್ಮ ಜಾಗ ಪುತ್ತೂರಿನ ಆಚೆ ಅಲ್ವಾ, ಉಪ್ಪಿನಂಗಡಿ ಹೇಗೆ ಬಂತು?’ ಅಂತ ಅವರಿಗೆ ಸಂಶಯ. ಆಗ ಪುತ್ತೂರಿನ ಕಡೆಯ ಊರುಗಳೆಲ್ಲ ಉಪ್ಪಿನಂಗಡಿ ತಾಲೂಕಿನ ಲೆಕ್ಕಕ್ಕೇ ಬರುತ್ತಿದ್ದವು. ಪುತ್ತೂರು ತಾಲೂಕು ಅನ್ನುವ ಹೆಸರು ಬಂದದ್ದು ಆಮೇಲೆ. ಇಂಥ ಕಾಗದ ಸಿಕ್ಕಿದರೆ ತಾಲೂಕಿನ ಹೆಸರನ್ನು ಬದಿಗಿಟ್ಟು ಮಾಗಣೆ, ಗ್ರಾಮ, ಚಕ್ಕುಬಂದಿ (ಜಾಗದ ನಾಲ್ಕು ದಿಕ್ಕಿನ ಗಡಿಯ ವಿವರ) ಹಿಡಿದು ಹೋಗುವುದು ಒಳ್ಳೆಯದು. ಚಕ್ಕುಬಂದಿಯಲ್ಲಿ ಬರುವ ತೋಡು, ಗುಡ್ಡ ಹೆಚ್ಚಾಗಿ ಈಗಲೂ ಅಲ್ಲೇ ಇರುತ್ತವೆ.

ಅತಿ ಹೆಚ್ಚು ಗೊಂದಲ 1956ರದ್ದು. ನವೆಂಬರ್ 1ರಂದು ದಕ್ಷಿಣ ಕನ್ನಡ, ಅಂದರೆ ಮದ್ರಾಸಿನಲ್ಲೇ ಉಳಿದಿದ್ದ ದಕ್ಷಿಣ ಕೆನರಾ, ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅಲ್ಲಿ ಅದು ಮೊದಲು ಮಲಬಾರ್ ಜಿಲ್ಲೆಗೆ ಸೇರಿತು. 1957ರ ಜನವರಿ 1ಕ್ಕೆ ಮಲಬಾರ್ ಒಡೆದಾಗ ಕಣ್ಣೂರು ಜಿಲ್ಲೆಯ ಪಾಲಾಯಿತು. ಕಾಸರಗೋಡೇ ಜಿಲ್ಲೆಯಾದದ್ದು 1984ರಲ್ಲಿ. ಒಂದೇ ಅಡಿಕೆ ತೋಟದ ಕಾಗದಗಳಲ್ಲಿ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ, ಕೇರಳದ ಕಣ್ಣೂರು, ಆಮೇಲೆ ಕಾಸರಗೋಡು ಎಲ್ಲವೂ ಕಾಣಿಸುತ್ತವೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲಿಲ್ಲ. ಆ ಭಾಗದ ಮನೆಗಳಲ್ಲಿ ಕೂತು ಕಾಗದ ಓದುವಾಗ ಈ ಮಾತು ಬರದೆ ಇರುವುದಿಲ್ಲ, ಚಾ ಆರಿಹೋಗುತ್ತದೆ.

ಇನ್ನೊಂದು ವಿಷಯ ಹೇಳಿದರೆ ಜನ ನಂಬುವುದಿಲ್ಲ. ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಈಗ ಅವು ಲಕ್ಷದ್ವೀಪದಲ್ಲಿವೆ.

1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಅದಕ್ಕೂ ಮೊದಲಿನ ಕಾಗದದಲ್ಲಿ ‘ದ.ಕ.’ ಅಂತ ಇದ್ದರೆ ಕುಂದಾಪುರ, ಕಾರ್ಕಳ, ಉಡುಪಿ ಎಲ್ಲವೂ ಅದರೊಳಗೆ ಬರುತ್ತವೆ. 1956ಕ್ಕೂ ಮೊದಲಿನದಾದರೆ ಕಾಸರಗೋಡೂ ಬರುತ್ತದೆ. ಅದಕ್ಕೇ ನಾನು ಪ್ರತಿ ಕಾಗದದ ನಕಲಿನ ಮೇಲೆ ಎರಡು ಸಾಲು ಬರೆಯುತ್ತೇನೆ. ಒಂದರಲ್ಲಿ ಆಗಿನ ತಾಲೂಕು, ಜಿಲ್ಲೆ, ರಾಜ್ಯ, ಇನ್ನೊಂದರಲ್ಲಿ ಈಗಿನದು. ಅರ್ಜಿ ಕೊಡಲು ಹೋಗುವವರು ಎರಡನ್ನೂ ಬರೆದುಕೊಂಡು ಹೋಗಲಿ. ಬೈಂದೂರು, ಬ್ರಹ್ಮಾವರ, ಕಾಪು ಹೊಸ ತಾಲೂಕುಗಳಾದ ಮೇಲೆ ಆ ಎರಡನೇ ಸಾಲನ್ನೂ ನಾನು ಎಷ್ಟೋ ಕಡೆ ತಿದ್ದಬೇಕಾಯಿತು.