ಫೋಟೊ ಮಾರಲಿಲ್ಲ, ಬಾಡಿಗೆಗೆ ಕೊಟ್ಟೆ

ಕೊಪ್ಪಳದಲ್ಲಿ ಕ್ಯಾಮೆರಾ ಹಿಡಿದು ಬದುಕುವವರಲ್ಲಿ ಹೆಚ್ಚಿನವರದ್ದು ಮದುವೆ, ಕುಬಸ, ಜಾವಳದ ಆರ್ಡರ್. ನನ್ನದೂ ಅದೇ. ಸೀಸನ್ ಇಲ್ಲದಾಗ ಮಾತ್ರ ನನ್ನ ಖುಷಿಗೆ ತಿರುಗುತ್ತೇನೆ. ಹಿರೇಬೆಣಕಲ್‌ನ ಕಲ್ಲುಮನೆಗಳು, ಕಿನ್ನಾಳದ ಗೊಂಬೆ ಮಾಡುವವರು, ಗವಿಮಠದ ಜಾತ್ರೆ, ಆನೆಗೊಂದಿ ಕಡೆಯ ಭತ್ತದ ಗದ್ದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋದಾಗ ಮುನಿರಾಬಾದ್ ಕಡೆಯಿಂದ ತೆಗೆದ ಚಿತ್ರಗಳೂ ಇವೆ. ಪತ್ರಿಕೆಯವರು, ಪುಸ್ತಕ ಮಾಡುವವರು ಫೋನ್ ಮಾಡುವುದು ಇವುಗಳಿಗಾಗಿ. ಕರಾರಿನ ತಕರಾರು ಶುರುವಾಗುವುದೂ ಇಲ್ಲಿಯೇ.

ಒಂದು ಪ್ರಕಾಶನದವರು ನಮ್ಮ ಭಾಗದ ಬಗ್ಗೆ ದೊಡ್ಡ ಚಿತ್ರಪುಸ್ತಕ ಮಾಡುತ್ತಿದ್ದರು. ಜಾತ್ರೆಯ ಚಿತ್ರಗಳು ಬೇಕು ಅಂದರು. ರೇಟು ತಕ್ಕಮಟ್ಟಿಗೆ ಚೆನ್ನಾಗಿಯೇ ಇತ್ತು. ಆಮೇಲೆ ಇಂಗ್ಲಿಷಿನ ಪಿಡಿಎಫ್ ಒಂದು ಬಂತು. ಅದರ ಸಾರಾಂಶ ಇಷ್ಟು: ಈ ಚಿತ್ರಗಳ ಸಕಲ ಹಕ್ಕುಗಳು, ಶಾಶ್ವತವಾಗಿ, ಇಡೀ ಜಗತ್ತಿನಲ್ಲಿ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ ಕಂಪನಿಗೆ ಸೇರಿದ್ದು. ಹೆಸರು ಹಾಕುವುದು ಬಿಡುವುದು ಅವರ ಇಷ್ಟ. ಯಾರಾದರೂ ಕೇಸ್ ಹಾಕಿದರೆ ಖರ್ಚೆಲ್ಲ ಫೋಟೊಗ್ರಾಫರ್‌ನದು.

ನನ್ನನ್ನು ಜಾಸ್ತಿ ಕೆರಳಿಸಿದ್ದು ಈ ಕೊನೆಯ ಸಾಲು. ಜಾತ್ರೆಯ ದಾಸೋಹಕ್ಕೆ ರೊಟ್ಟಿ ಗಂಟು ಹೊತ್ತು ತಂದ ಹೆಣ್ಣುಮಗಳ ಮುಖ ನನ್ನ ಚಿತ್ರದಲ್ಲಿ ಇದೆ. ಅದರ ಕೆಳಗೆ ಏನು ಬರೆಯಬೇಕು ಅಂತ ತೀರ್ಮಾನ ಮಾಡುವವರು ಅವರು. ಹತ್ತು ವರ್ಷ ಬಿಟ್ಟು ಅದೇ ಮುಖವನ್ನು ಯಾವುದೋ ಎಣ್ಣೆ ಜಾಹೀರಾತಿಗೆ ಹಾಕಬಹುದಾದವರೂ ಅವರೇ. ಆ ತಾಯಿ ಕಡೆಯವರು ಬಂದು ಕೇಳಿದರೆ ದಂಡ ಕಟ್ಟುವವನು ಮಾತ್ರ ನಾನು. ಇದ್ಯಾವ ಊರಿನ ನ್ಯಾಯ?

ಜತೆಯವರನ್ನು ಕೇಳಿದೆ. "ಅಣ್ಣಾ, ಸುಮ್ನ ಸಹಿ ಹಾಕಿಬಿಡು, ರೊಕ್ಕ ಬಂದ್ರ ಸಾಕು" ಅಂದರು. ಲೆನ್ಸ್‌ನ ಇಎಂಐ ತುಂಬುವವರು ಆ ಮಾತು ಆಡಿದರೆ ತಪ್ಪಿಲ್ಲ. ಆದರೂ ಕಾಯ್ದೆ ಏನು ಹೇಳುತ್ತದೆ ಅಂತ ನೋಡಿಯೇಬಿಡೋಣ ಅಂತ ಪರಿಚಯದ ವಕೀಲರ ಹತ್ತಿರ ಕೂತೆ.

ಭಾರತದ ಕಾಪಿರೈಟ್ ಕಾಯ್ದೆ 1957ರದ್ದು. ಅದರಲ್ಲಿ ನಮ್ಮಂಥವರು ಓದಲೇಬೇಕಾದ್ದು 17 ಮತ್ತು 19ನೇ ಕಲಂ. ನನ್ನ ಪಾಡಿಗೆ ನಾನು ತೆಗೆದ ಚಿತ್ರಕ್ಕೆ ಮೊದಲ ಮಾಲೀಕ ನಾನೇ. ರಿಜಿಸ್ಟ್ರೇಷನ್ ಕೂಡ ಬೇಕಾಗಿಲ್ಲ. ಆದರೆ ಯಾರಾದರೂ ದುಡ್ಡು ಕೊಟ್ಟು, ತೆಗೆಯಲು ಹೇಳಿ ತೆಗೆಸಿದ ಫೋಟೊ ಆದರೆ ಲೆಕ್ಕ ಉಲ್ಟಾ. ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರೇ ಮಾಲೀಕರು. ಅಲ್ಲಿ ನನ್ನ ಸಹಿಯೂ ಬೇಡ. ಮದುವೆ ಫೋಟೊ ಮದುವೆ ಮನೆಯವರದ್ದಾಗುವುದು ಹೀಗೆ. ಪತ್ರಿಕೆಯವರು "ನಾಳೆ ರಾಯಚೂರಿಗೆ ಹೋಗಿ ಇಂಥದ್ದು ತೆಗೆದುಕೊಂಡು ಬನ್ನಿ, ಇಷ್ಟು ಕೊಡುತ್ತೇವೆ" ಅಂದರೂ ಅದೇ ಕಥೆ. ಹಾಗಾಗಿ ಹೇಳಿ ತೆಗೆಸುವ ಕೆಲಸಕ್ಕೆ ಹೊರಡುವ ಮೊದಲೇ ಕಾಗದ ಆಗಿರಬೇಕು. ಕೆಲಸ ಮುಗಿದ ಮೇಲೆ ಚೌಕಾಸಿಗೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

19ನೇ ಕಲಂ ಇನ್ನೂ ಮಜವಾಗಿದೆ. ನನ್ನದಾದ ಕಾಪಿರೈಟ್ ಇನ್ನೊಬ್ಬರಿಗೆ ಹೋಗಬೇಕಾದರೆ ನನ್ನ ಸಹಿ ಇರುವ ಬರಹ ಬೇಕು. ಫೋನಿನಲ್ಲಿ ಹೂಂ ಅಂದರೆ ಹೋಗುವುದಿಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ. ಎಲ್ಲಿಯವರೆಗೆ ಅಂತ ಬರೆಯದಿದ್ದರೆ ಭಾರತ ಮಾತ್ರ. ಕೊಂಡವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಥರ ಹೇಳದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ಆ ಪಿಡಿಎಫ್‌ನಲ್ಲಿ "ಶಾಶ್ವತ", "ಇಡೀ ಜಗತ್ತು" ಅನ್ನುವ ಮಾತುಗಳು ಯಾಕೆ ಬಂದವು ಅಂತ ಆಗ ಅರ್ಥವಾಯಿತು. ಬರೆಯದೆ ಬಿಟ್ಟರೆ ಕಾಯ್ದೆ ನಮ್ಮ ಕಡೆ ವಾಲುತ್ತದೆ. ಅದಕ್ಕೇ ಅವರ ವಕೀಲರು ಏನನ್ನೂ ಬಿಟ್ಟಿರಲಿಲ್ಲ.

ಹೆಸರಿನ ಹಕ್ಕು ಬೇರೆಯೇ. ಕಾಪಿರೈಟ್ ಪೂರ್ತಿ ಬರೆದುಕೊಟ್ಟ ಮೇಲೂ ಇದು ನನ್ನ ಕೆಲಸ ಅಂತ ಹೇಳಿಕೊಳ್ಳುವ ಹಕ್ಕನ್ನು, ಅದನ್ನು ಹಾಳುಮಾಡಿ ನನ್ನ ಹೆಸರು ಕೆಡಿಸಿದರೆ ಕೇಳುವ ಹಕ್ಕನ್ನು 57ನೇ ಕಲಂ ಉಳಿಸುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಕಿತ್ತು ಹಾಳುಮಾಡಿದ ಕಂಚಿನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರ್‌ನಾಥ್ ಸೆಹಗಲ್ ಕೇಂದ್ರ ಸರ್ಕಾರದ ಮೇಲೆಯೇ ಕೇಸ್ ಹಾಕಿ, 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಕಲಮಿನ ಮೇಲೆ. ನಾನೇನೂ ಕೋರ್ಟಿಗೆ ಹೋಗುವವನಲ್ಲ. ಆದರೆ ಮಾತಾಡುವಾಗ ಈ ವಿಷಯ ಗೊತ್ತಿದ್ದರೆ ದನಿ ನಡುಗುವುದಿಲ್ಲ.

ಇನ್ನೊಂದು. 2012ರ ತಿದ್ದುಪಡಿಗಿಂತ ಮೊದಲು ಫೋಟೊದ ಹಕ್ಕು ಪ್ರಕಟವಾದಾಗಿನಿಂದ 60 ವರ್ಷ ಇತ್ತು. ಈಗ ತೆಗೆದವನ ಜೀವಮಾನ, ಆಮೇಲೆ 60 ವರ್ಷ. ನನ್ನ ಮೊಮ್ಮಕ್ಕಳವರೆಗೂ ಹೋಗುವ ಆಸ್ತಿಯನ್ನು ಒಂದು ಫ್ಲ್ಯಾಶ್‌ನ ಬೆಲೆಗೆ ಯಾರು ಬರೆದುಕೊಡುತ್ತಾರೆ ಹೇಳಿ!

ಹಾಗಂತ ಜಗಳಕ್ಕೆ ಇಳಿಯಲಿಲ್ಲ. ಪಿಡಿಎಫ್ ಪ್ರಿಂಟ್ ತೆಗೆಸಿ, ನೀಲಿ ಪೆನ್ನಿನಲ್ಲಿ ಬೇಡವಾದ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಸಾಲು ಬರೆದೆ. "ಈ ಪುಸ್ತಕದ ಮೊದಲ ಮುದ್ರಣಕ್ಕೆ ಮಾತ್ರ. ಕನ್ನಡ ಮತ್ತು ಇಂಗ್ಲಿಷ್. ಮರುಮುದ್ರಣಕ್ಕೆ, ಜಾಹೀರಾತಿಗೆ, ಬೇರೆಯವರಿಗೆ ಕೊಡುವುದಕ್ಕೆ ಪ್ರತ್ಯೇಕ ಒಪ್ಪಿಗೆ, ಪ್ರತ್ಯೇಕ ಹಣ. ಚಿತ್ರದ ಜತೆಗೇ ಹೆಸರು. ಕಾಪಿರೈಟ್ ಫೋಟೊಗ್ರಾಫರ್‌ನದು." ಕೇಸಿನ ಸಾಲಿಗೆ, ಚಿತ್ರ ಕದ್ದದ್ದಲ್ಲ ಅನ್ನುವುದಕ್ಕೆ ನಾನು ಜವಾಬ್ದಾರ, ಅಡಿಬರಹ ಮತ್ತು ಬಳಕೆಗೆ ನೀವು ಜವಾಬ್ದಾರರು ಅಂತ ಸೇರಿಸಿದೆ. ಹೊಡೆದುಹಾಕಿದ ಪ್ರತಿ ಜಾಗದಲ್ಲೂ ಚಿಕ್ಕ ಸಹಿ. ಸ್ಕ್ಯಾನ್ ಮಾಡಿ ಮೇಲ್ ಕಳಿಸಿದೆ.

ಬೆಂಗಳೂರಿನಿಂದ ಫೋನ್ ಬಂತು. "ಎಲ್ಲರೂ ಸೈನ್ ಮಾಡಿದ್ದಾರೆ ಸರ್, ನೀವೊಬ್ಬರೇ ಕೇಳ್ತಿರೋದು."

"ಮೇಡಂ, ಮನೆ ಬಾಡಿಗೆಗೆ ಕೇಳಿ ಖರೀದಿ ಪತ್ರ ಮುಂದಿಟ್ಟರೆ ನೀವು ಸಹಿ ಹಾಕ್ತೀರಾ? ಮಾರಬೇಕು ಅಂದ್ರೆ ಅದರ ರೇಟೇ ಬೇರೆ, ಹೇಳಲಾ?"

ಮಾರುವ ರೇಟು ಹೇಳಿದೆ. ಆ ಕಡೆ ನಕ್ಕರು. ಆಮೇಲೆ ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದರು. ಕೊನೆಗೆ ಮೊದಲ ಮುದ್ರಣದ ಜತೆ ಇ-ಪುಸ್ತಕವೂ ಇರಲಿ ಅಂದರು, ಒಪ್ಪಿದೆ. ಅವರ ಪುಸ್ತಕದ ಪ್ರಚಾರಕ್ಕೆ ಸೋಷಿಯಲ್ ಮೀಡಿಯಾದಲ್ಲಿ ಹೆಸರು ಸಮೇತ ಹಾಕುವುದಕ್ಕೂ ಒಪ್ಪಿದೆ. ಉಳಿದದ್ದು ನನ್ನ ಸಾಲಿನಂತೆಯೇ ಆಯಿತು. ಎಲ್ಲರೂ ಹೀಗೆ ಬಗ್ಗುವುದಿಲ್ಲ. ಇದೇ ಸಾಲುಗಳನ್ನು ಕಳಿಸಿದ ಮೇಲೆ ಒಂದು ಮಾಸಪತ್ರಿಕೆ ನನಗೆ ಫೋನ್ ಮಾಡುವುದನ್ನೇ ಬಿಟ್ಟಿದೆ.

ಈಗ ಕರಾರು ಆಗುವವರೆಗೆ ಕ್ಯಾಮೆರಾದ ಮೂಲ ಫೈಲ್ ಆದ ರಾ ಫೈಲ್ ಇರಲಿ, ದೊಡ್ಡ ಜೆಪೆಗ್ ಕೂಡ ಯಾರಿಗೂ ಹೋಗುವುದಿಲ್ಲ. ನೋಡಲು ಸಣ್ಣ ಸೈಜಿನದು ಕಳಿಸುತ್ತೇನೆ. ಕ್ಯಾಮೆರಾದ ಮೆನುವಿನಲ್ಲೇ ಹೆಸರು, ಕಾಪಿರೈಟ್ ತುಂಬಿಟ್ಟಿದ್ದೇನೆ, ಪ್ರತಿ ಫೈಲಿನೊಳಗೂ ಕೂರುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಅದಕ್ಕೇ ಮೇಲ್ ಅಥವಾ ಡ್ರೈವ್ ಲಿಂಕ್. ಬಿಲ್ಲಿನಲ್ಲಿ "ಫೋಟೊ ಮಾರಾಟ" ಅಂತ ಬರೆಯುವುದಿಲ್ಲ, "ಒಂದು ಬಾರಿಯ ಬಳಕೆಯ ಶುಲ್ಕ" ಅಂತ ಬರೆಯುತ್ತೇನೆ.

ಬಳ್ಳಾರಿ, ರಾಯಚೂರು, ಗಂಗಾವತಿಯ ಗೆಳೆಯರು ಸೇರಿ ನನ್ನ ಆ ಸಾಲುಗಳನ್ನು ಒಂದು ಪುಟದ ಕನ್ನಡ ಕರಾರು ಮಾಡಿಕೊಂಡಿದ್ದೇವೆ. ನನ್ನನ್ನು ಬಿಟ್ಟ ಮಾಸಪತ್ರಿಕೆ ಮೊನ್ನೆ ನಮ್ಮಲ್ಲೇ ಒಬ್ಬ ಹುಡುಗನಿಗೆ ಸಂಡೂರಿನ ಗುಡ್ಡದ ಚಿತ್ರ ಕೇಳಿತಂತೆ. ಅವನೂ ಅದೇ ಪುಟ ಕಳಿಸಿದ್ದಾನೆ. ಇನ್ನೂ ಉತ್ತರ ಬಂದಿಲ್ಲ.