ಮಳೆಗಾಲದ ಹಲಸಿನ ಹಪ್ಪಳ: ಅಡಿಕೆ ಪಾಲಿಹೌಸಿನಲ್ಲಿ ನಾನು ಒಣಗಿಸಿದ ಬಗೆ

ಜೂನ್ ತಿಂಗಳಲ್ಲಿ ಹಲಸಿನ ಹಪ್ಪಳ ಒಣಗುವುದಿಲ್ಲ ಎಂದು ನನಗೆ ಬುದ್ಧಿ ಹೇಳಿದವರೆಲ್ಲ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಜೂನ್ ತಿಂಗಳ ಹಪ್ಪಳವನ್ನೇ ಕರಿದುಕೊಂಡು ತಿಂದರು. ಅವರಲ್ಲಿ ನನ್ನ ಓರಗಿತ್ತಿಯೂ ಒಬ್ಬಳು. "ಬಿಸಿಲು ಕಾಣದ ಹಪ್ಪಳ ಎಣ್ಣೆಯಲ್ಲಿ ಅರಳಿದ್ದನ್ನು ನಾನಂತೂ ನೋಡಿಲ್ಲ ಮಾರಾಯ್ತಿ" ಎಂದಿದ್ದವಳು ಈಗ ಫೋನ್ ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಾಳೆ. ಕೇಳುವವರು ಅವಳೊಬ್ಬಳೇ ಅಲ್ಲ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲು. ಹಲಸಿನ ಸೊಳೆ (ತೊಳೆ) ಬಿಡಿಸುವುದು, ಬೇಯಿಸುವುದು, ಕುಟ್ಟುವುದು, ಒತ್ತುವುದು ಹಪ್ಪಳ ಮಾಡುವವರಿಗೆಲ್ಲ ಗೊತ್ತಿರುವ ಕೆಲಸ. ಅದನ್ನು ಬರೆಯುವುದಿಲ್ಲ. ಒಣಗಿಸಿದ್ದು ಹೇಗೆ, ದುಡ್ಡು ಹೋದದ್ದು ಎಲ್ಲಿ, ಬಂದದ್ದು ಎಷ್ಟು, ಅಷ್ಟೇ.

ನಮ್ಮದು ಸಾಗರ ತಾಲ್ಲೂಕು. ಇದ್ದ ತೋಟ ಸಣ್ಣದು. ಕೊಳೆರೋಗ ನಮಗೆ ಹೊಸದಲ್ಲ. ಬೋರ್ಡೋ ದ್ರಾವಣ ಹೊಡೆಸಿ ಹೇಗೋ ಸಂಭಾಳಿಸುತ್ತಿದ್ದೆವು. ಅದರ ಮೇಲೆ ಎಲೆಚುಕ್ಕಿ ರೋಗವೂ ಬಂದು 2022ರ ಹೊತ್ತಿಗೆ ಫಸಲು ಅರ್ಧಕ್ಕೆ ಇಳಿಯಿತು. ಅದೇ ಮಳೆಗಾಲದಲ್ಲಿ ನಮ್ಮ ಮನೆಯವರು ತೋಟದ ಸಂಕದ (ಕಾಲುಸೇತುವೆಯ) ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್, ಸರಳು, ಆಮೇಲೆ ತಿಂಗಳುಗಟ್ಟಲೆ ಮಂಚ. ಆಸ್ಪತ್ರೆಗೆ ಕೊಟ್ಟದ್ದು ಔಷಧಿಯೆಲ್ಲ ಸೇರಿ ಎರಡು ಲಕ್ಷದ ಹತ್ತಿರ. ಸೊಸೈಟಿಯ ಸಾಲ ಮೊದಲೇ ಇತ್ತು, ಮಗ ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದ.

ಆ ವರ್ಷ ಪೇಟೆಯಿಂದ ತರಕಾರಿ ತರುವುದನ್ನು ನಿಲ್ಲಿಸಿಯೇಬಿಟ್ಟೆ. ಒಂದೆಲಗದ ತಂಬುಳಿ, ದೊಡ್ಡಪತ್ರೆ ತಂಬುಳಿ, ಕೆಸುವಿನ ಸೊಪ್ಪಿನ ಕರಕಲಿ, ಬಾಳೆದಿಂಡಿನ ಪಲ್ಯ, ಉಪ್ಪಿನಲ್ಲಿ ಹಾಕಿಟ್ಟ ಸೊಳೆಯ ಹುಳಿ, ಹಲಸಿನ ಬೀಜದ ಸಾರು, ಭರಣಿಯಲ್ಲಿದ್ದ ಅಪ್ಪೆಮಿಡಿಯಿಂದ ಅಪ್ಪೆಹುಳಿ. ಅಕ್ಕಿ, ಎಣ್ಣೆ, ಬೇಳೆ, ಸಕ್ಕರೆ ಬಿಟ್ಟರೆ ಅಂಗಡಿಯ ಚೀಟಿಯಲ್ಲಿ ಬೇರೇನೂ ಇರುತ್ತಿರಲಿಲ್ಲ. ತಿಂಗಳಿಗೆ ಎರಡು ಸಾವಿರದಷ್ಟಾದರೂ ಉಳಿದಿರಬೇಕು. ರಜೆಗೆ ಬಂದ ಮಗನಿಗೆ ಇದು ಕಷ್ಟದ ಅಡುಗೆ ಎಂದು ಗೊತ್ತೇ ಆಗಲಿಲ್ಲ. "ಅಮ್ಮಾ, ಈಗೀಗ ಅಜ್ಜಿಯ ಕಾಲದ್ದೇ ಮಾಡುತ್ತೀಯಲ್ಲ" ಎಂದಷ್ಟೇ ಅವನ ದೂರು.

ಉಳಿಸಿದ್ದು ಸಾಲದು, ಗಳಿಸಬೇಕಿತ್ತು. ತೋಟದ ಅಂಚಿನಲ್ಲಿ ಮತ್ತು ಸೊಪ್ಪಿನ ಬೆಟ್ಟದಲ್ಲಿ ಏಳೆಂಟು ಹಲಸಿನ ಮರಗಳಿವೆ. ಮನೆಗೆ, ನೆಂಟರಿಗೆ ಎಂದು ನಾಲ್ಕೈದು ನೂರು ಹಪ್ಪಳ ಮಾಡಿದರೆ ಆಯಿತು, ಮಿಕ್ಕ ಕಾಯಿಯೆಲ್ಲ ಮಂಗನಿಗೆ ಮತ್ತು ಮಣ್ಣಿಗೆ. ಇದನ್ನೇ ಮಾರಾಟಕ್ಕೆ ಮಾಡೋಣವೆಂದರೆ ಅಡ್ಡಿ ಒಂದೇ. ನಮ್ಮ ಕಡೆ ಒಳ್ಳೆಯ ಬಿಸಿಲಿರುವಾಗ ಕಾಯಿ ಎಳತು, ಕಾಯಿ ಬಲಿಯುವ ಹೊತ್ತಿಗೆ ಬಿಸಿಲಿಲ್ಲ. ಏಪ್ರಿಲ್ ಕಳೆದರೆ ಮಧ್ಯಾಹ್ನ ಮೂರಕ್ಕೆ ಗುಡುಗು. ಹರವಿದ ಚಾಪೆ ಎತ್ತಿಕೊಂಡು ಓಡುವುದೇ ಕೆಲಸ. ಎಳೆಯ ಕಾಯಿಯ ಹಪ್ಪಳ ಒಗರು, ಹಣ್ಣಿನ ಕಡೆ ತಿರುಗಿದ್ದು ಎಣ್ಣೆಗೆ ಹಾಕುತ್ತಿದ್ದಂತೆ ಕೆಂಪಾಗಿ ಮೆತ್ತಗಾಗುತ್ತದೆ. ನಡುವಿನ ಹದ ಸಿಗುವುದು ಬಹುಪಾಲು ಮೇ ಕೊನೆಯಿಂದ ಜುಲೈವರೆಗೆ.

ಅಡಿಕೆ ಒಣಗಿಸಲು ಕಟ್ಟಿಸಿದ, ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ಶಿವರಾತ್ರಿಯಿಂದ ನವರಾತ್ರಿಯವರೆಗೆ ಖಾಲಿ. ಅದರ ಸಾಲವೂ ತೀರಿರಲಿಲ್ಲ. ಅಲ್ಲಿ ಹಪ್ಪಳ ಹರವುತ್ತೇನೆ ಎಂದಾಗ ಮಾವ, "ಅಡಿಕೆಗೆ ಮೇಣದ ವಾಸನೆ ಹತ್ತಿದರೆ ಮಂಡಿಯಲ್ಲಿ ನೀನೇ ಹೋಗಿ ಉತ್ತರ ಹೇಳು" ಎಂದರು. ಅತ್ತೆ ಏನೂ ಹೇಳಲಿಲ್ಲ. ಹೇಳದಿದ್ದರೆ ಒಪ್ಪಿಗೆ ಎಂದು ನಾನು ಅರ್ಥ ಮಾಡಿಕೊಂಡೆ.

2023ರ ಏಪ್ರಿಲಿನಲ್ಲಿ ಮೊದಲ ಹಪ್ಪಳ ಒಳಗೆ ಹರವಿದೆ. ಮಧ್ಯಾಹ್ನ ಒಳಗಿನ ಥರ್ಮಾಮೀಟರ್ ಐವತ್ತೈದು ಡಿಗ್ರಿ ದಾಟಿತ್ತು. ಸಂಜೆ ನೋಡಿದರೆ ಎಲ್ಲ ಹಪ್ಪಳಗಳೂ ದೊನ್ನೆಯಂತೆ ಮುದುರಿ ಕುಳಿತಿದ್ದವು. ಅಂಚು ಗರಿಗರಿ, ನಡುವೆ ಬೆರಳಿಟ್ಟರೆ ಹಸಿ. ಮೇಲ್ಪದರ ಬೇಗ ಗಟ್ಟಿಯಾದರೆ ಒಳಗಿನ ನೀರು ಹೊರಬರಲು ದಾರಿ ಇರುವುದಿಲ್ಲ. ಹಾಗೆಯೇ ಡಬ್ಬಕ್ಕೆ ತುಂಬಿದವು ವಾರದಲ್ಲಿ ಬೂಸ್ಟು ಹಿಡಿದವು. ಮೇ ತಿಂಗಳ ಮೋಡದ ದಿನಗಳಲ್ಲಿ ಇನ್ನೊಂದು ರೀತಿಯ ಕಾಟ. ಹಪ್ಪಳದ ನೀರೆಲ್ಲ ಆವಿಯಾಗಿ ಮೇಲಿನ ಪ್ಲಾಸ್ಟಿಕ್ಕಿಗೆ ತಾಗಿ, ಬೆಳಗಿನ ಜಾವ ಹನಿಹನಿಯಾಗಿ ಮತ್ತೆ ಹಪ್ಪಳದ ಮೇಲೆಯೇ ಬೀಳುತ್ತಿತ್ತು. ಆ ವರ್ಷ ಮೂರು ಸಾವಿರದಷ್ಟು ಹಪ್ಪಳ ಕೊಟ್ಟಿಗೆಯ ಎಮ್ಮೆಗೆ ಹೋಯಿತು. ಎಮ್ಮೆ ಹಾಲು ಚೆನ್ನಾಗಿ ಕೊಟ್ಟಿತು, ಅದೊಂದು ಲಾಭ.

ಬೇಕಾದದ್ದು ಕಾವಲ್ಲ, ಗಾಳಿ ಎಂದು ಅಲ್ಲಿಗೆ ಖಚಿತವಾಯಿತು. ಪಾಲಿಹೌಸಿನ ಎರಡೂ ತುದಿಯ ಗೋಡೆಗಳಲ್ಲಿ ಮಾಡಿಗೆ (ಚಾವಣಿಗೆ) ತಾಗಿದ ಮೇಲ್ಭಾಗದ ಪ್ಲಾಸ್ಟಿಕ್ ಕತ್ತರಿಸಿ ಸೊಳ್ಳೆಪರದೆಯ ಬಲೆ ಕಟ್ಟಿದೆ. ಪಕ್ಕದ ಪ್ಲಾಸ್ಟಿಕ್ಕನ್ನು ನೆಲದಿಂದ ಒಂದು ಗೇಣು ಎತ್ತಿಟ್ಟೆ. ಕೆಳಗಿನಿಂದ ತಣ್ಣನೆಯ ಗಾಳಿ ಬರಬೇಕು, ಮೇಲಿನಿಂದ ಹಸಿಗಾಳಿ ಹೋಗಬೇಕು. ಮಾಡಿನ ಕೆಳಗೆ ಹಸಿರು ನೆರಳುಬಲೆ ಎಳೆದ ಮೇಲೆ ಮಧ್ಯಾಹ್ನದ ಕಾವು ನಲವತ್ತೈದರ ಆಸುಪಾಸಿಗೆ ಇಳಿಯಿತು. ಅಡಿಕೆ ಮರ ಸೀಳಿದ ದಬ್ಬೆಯ ತಟ್ಟಿಗಳನ್ನು ಸೊಂಟದೆತ್ತರಕ್ಕೆ ಕಟ್ಟಿ, ಅದರ ಮೇಲೂ ಬಲೆಯನ್ನೇ ಹಾಸಿದೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಹಪ್ಪಳದ ತಳ ಬೆವರುತ್ತದೆ. ಬಲೆಯಾದರೆ ಅಡಿಯಿಂದಲೂ ಗಾಳಿ ಆಡುತ್ತದೆ. ಬಲೆಯ ಸಣ್ಣ ಚೌಕಗಳು ಹಪ್ಪಳದ ಒಂದು ಮಗ್ಗುಲಲ್ಲಿ ಅಚ್ಚೊತ್ತುತ್ತವೆ. ಅದು ಕುಂದು ಎಂದು ಮೊದಲು ಎಲ್ಲರೂ ಅಂದರು. ಈಗ ಗಿರಾಕಿಗಳು "ಆ ಚೌಕದ ಹಪ್ಪಳ" ಎಂದೇ ಕೇಳುತ್ತಾರೆ. ಕೆಟ್ಟು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸ್ಟ್ಯಾಂಡ್ ಫ್ಯಾನನ್ನು ಮುನ್ನೂರು ಕೊಟ್ಟು ರಿಪೇರಿ ಮಾಡಿಸಿ ಒಂದು ಮೂಲೆಗೆ ಇಟ್ಟೆ. ಅದರ ಮುಖ ಹಪ್ಪಳದ ಕಡೆ ಇರಬಾರದು. ಯಾವ ಕಡೆ ಇರಬೇಕು ಎನ್ನುವುದನ್ನು ನಿಮ್ಮ ನಿಮ್ಮ ಪಾಲಿಹೌಸಿನಲ್ಲಿ ನೀವೇ ಹುಡುಕಿಕೊಳ್ಳಿ.

ಬಿಸಿಲೂ ಮೋಡವೂ ಬೆರೆತ ದಿನಗಳಿಗೆ ಇಷ್ಟು ಸಾಕಾಯಿತು. ಜಡಿಮಳೆಗೆ ಸಾಲದು. ಬೆಂಕಿ ಬೇಕೇ ಬೇಕು. ಒಳಗೇ ಒಲೆ ಹಚ್ಚಿದಾಗ ಹಪ್ಪಳಕ್ಕೆಲ್ಲ ಹೊಗೆಯ ವಾಸನೆ. ಆ ಕಟ್ಟುಗಳನ್ನು ಹೋಟೆಲ್ ಒಂದಕ್ಕೆ ಅರ್ಧ ಬೆಲೆಗೆ ಕೊಟ್ಟೆ, ಅವರೂ ಎರಡನೆಯ ಸಲ ಕೇಳಲಿಲ್ಲ. ಆಗ ನೆನಪಾದದ್ದು ತವರಿನಲ್ಲಿ ಏಲಕ್ಕಿ ಒಣಗಿಸುವ ಗೂಡು. ನನ್ನ ತವರು ಸಕಲೇಶಪುರದ ಕಡೆ. ಅಲ್ಲಿ ಗೂಡಿನ ಹೊರಗೆ ಒಲೆ, ಹೊಗೆ ತಗಡಿನ ಕೊಳವೆಯೊಳಗೆ ಗೂಡನ್ನು ಸುತ್ತಿ ಇನ್ನೊಂದು ಕಡೆಯಿಂದ ಆಚೆ ಹೋಗುತ್ತದೆ. ಏಲಕ್ಕಿಗೆ ತಾಗುವುದು ಕೊಳವೆಯ ಕಾವು ಮಾತ್ರ, ಹೊಗೆಯಲ್ಲ. ಮಳೆಗಾಲದಲ್ಲಿ ಕೊಯ್ಯುವ ಏಲಕ್ಕಿ ಹಸಿರು ಮಾಸದೆ ಒಣಗುವುದಾದರೆ ಹಪ್ಪಳ ಏಕೆ ಒಣಗಬಾರದು?

ಜಂಬಿಟ್ಟಿಗೆ ಕಲ್ಲಿನ ಒಲೆಯನ್ನು ಪಾಲಿಹೌಸಿನ ಹೊರಗೆ ನಮ್ಮ ಮನೆಯವರೇ ಸ್ಟೂಲಿನ ಮೇಲೆ ಕುಳಿತು ಕಟ್ಟಿಕೊಟ್ಟರು. ಬಿದ್ದ ಮೇಲೆ ಅವರು ಮಾಡಿದ ಮೊದಲ ಗಟ್ಟಿ ಕೆಲಸ ಅದು. ಗೋಡೆ ಸ್ವಲ್ಪ ವಾರೆಯಾಗಿದೆ. ನಾನು ಸರಿಮಾಡಿಸಲು ಹೋಗಿಲ್ಲ. ತಗಡಿನ ಕೊಳವೆಗೆ ಸಾಗರದ ತಗಡು ಕೆಲಸದವರು ಆರೋ ಏಳೋ ಸಾವಿರ ತೆಗೆದುಕೊಂಡರು. ಕೊಳವೆ ತಟ್ಟಿಯ ಅಡಿಯಿಂದ ಸ್ವಲ್ಪ ಏರುತ್ತ ಹೋಗಿ ಆ ಕಡೆ ಮಾಡಿಗಿಂತ ಎತ್ತರಕ್ಕೆ ಏಳಬೇಕು, ಇಲ್ಲದಿದ್ದರೆ ಹೊಗೆ ತಿರುಗಿ ಒಲೆಯ ಬಾಯಿಗೇ ಬರುತ್ತದೆ. ಕೊಳವೆ ಪಾಲಿಹೌಸನ್ನು ಹೊಕ್ಕು ಹೊರಬರುವ ಎರಡು ಕಡೆಯೂ ಪ್ಲಾಸ್ಟಿಕ್ ತಾಗದಂತೆ ತಗಡಿನ ಚೌಕಟ್ಟು ಬೇಕು. ಉರುವಲು ಅಡಿಕೆ ಸಿಪ್ಪೆ ಮತ್ತು ತೆಂಗಿನ ಚಿಪ್ಪು, ಅದಕ್ಕೆ ಕಾಸು ಖರ್ಚಿಲ್ಲ. ಸಿಪ್ಪೆ ಭಗ್ಗೆಂದು ಉರಿಯುವುದಿಲ್ಲ, ರಾತ್ರಿಯಿಡೀ ಕನಲುತ್ತ ಇರುತ್ತದೆ. ನಮಗೆ ಬೇಕಾದದ್ದೂ ಅದೇ. ಕೊನೆಯ ಒಂದೆರಡು ಗಂಟೆ ನಾನು ಮಾಡುವುದು ಬೇರೆಯೇ ಇದೆ, ಹಪ್ಪಳ ಅರಳುವುದು ಅದರಿಂದ. ಅದನ್ನು ಮಾತ್ರ ಓರಗಿತ್ತಿಗೂ ಹೇಳಿಲ್ಲ.

2024ರಲ್ಲಿ ಹಪ್ಪಳ ಚೆನ್ನಾಗಿ ಬಂತು, ಪ್ಯಾಕಿಂಗ್‌ನಲ್ಲಿ ಕೈಸುಟ್ಟಿತು. ತಟ್ಟಿಯಿಂದ ಎತ್ತಿದ ಬೆಚ್ಚಗಿನ ಹಪ್ಪಳವನ್ನು ಆಗಲೇ ಸೀಲ್ ಮಾಡಿ ಬೆಂಗಳೂರಿನ ಅಂಗಡಿಯೊಂದಕ್ಕೆ ಕಳಿಸಿದ್ದೆವು. ಪೊಟ್ಟಣದೊಳಗೆ ಬೆವರಿ ಪೂರ್ತಿ ವಾಪಸ್ ಬಂತು. ಏಳೆಂಟು ಸಾವಿರ ಅಲ್ಲಿ ಹೋಯಿತು, ಕೊರಿಯರ್ ದುಡ್ಡು ಬೇರೆ. ಈಗ ರಾತ್ರಿ ಪೂರ್ತಿ ಮುಚ್ಚಿದ ಸ್ಟೀಲ್ ಡಬ್ಬದಲ್ಲಿ ಆರಲು ಬಿಟ್ಟು ಮರುದಿನ ಇಪ್ಪತ್ತೈದರ ಕಟ್ಟು ಮಾಡುತ್ತೇವೆ. ಪ್ರತಿ ಡಬ್ಬದಿಂದ ಒಂದನ್ನು ಮುರಿದು ಸದ್ದು ಕೇಳುವುದು ಅತ್ತೆಯ ಕೆಲಸ. ಅವರ ಕಣ್ಣು ಈಗ ಮಂಜು, ಕಿವಿ ಮಾತ್ರ ಚುರುಕು. "ಇದು ಇನ್ನೂ ಹಸಿ ಕಣೇ" ಎಂದರೆ ಇಡೀ ಡಬ್ಬ ಮತ್ತೆ ತಟ್ಟಿಗೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬಾಳೆಕಾಯಿ ಹಪ್ಪಳ ಇದೇ ತಟ್ಟಿಯಲ್ಲಿ ಬಹಳ ಸುಲಭವಾಗಿ ಒಣಗುತ್ತದೆ, ಆದರೆ ನಮ್ಮ ಕಡೆ ಅದಕ್ಕೆ ಬೆಲೆಯಿಲ್ಲ. ಕೆಂಪು ಸೊಳೆಯ ಚಂದ್ರಹಲಸಿನ ಹಪ್ಪಳ ಒಣಗಿದಾಗ ನೋಡಲು ಚೆಂದ, ಕರಿದರೆ ಸೀದಂತೆ ಕಾಣುತ್ತದೆ. ಮದುವೆ ಅಡುಗೆಯವರು ಬೇಡವೆಂದರು. ಹಲಸಿನ ಬೀಜ ಒಣಗಿಸಿ ಹಿಟ್ಟು ಮಾಡಿಸಿ ಗೋಧಿಹಿಟ್ಟಿಗೆ ಕಾಲುಪಾಲು ಬೆರೆಸಿ ಚಪಾತಿ ಮಾಡಿದೆ. ಮಾವನಿಗೆ ಹೊಟ್ಟೆ ಉಬ್ಬರಿಸಿತು, ಮಗನಿಗೆ ಏನೂ ಆಗಲಿಲ್ಲ. ತುಳುವೆ (ಮೆತ್ತನೆಯ ಸೊಳೆಯ ಹಲಸು) ಹಣ್ಣಿನ ರಸ ಒಣಗಿಸಿ ಮಾಡುವ ಮಾಂಬಳ ಮಾತ್ರ ಗೆದ್ದಿತು. ಪದರ ಪದರವಾಗಿ ಹಚ್ಚಿ ಒಣಗಿಸಲು ಬಿಸಿಲಿನಲ್ಲಾದರೆ ನೊಣದ ಕಾಟ, ಬಲೆಯೊಳಗೆ ಅದಿಲ್ಲ. ಕಿಲೋಗೆ ಐನೂರಕ್ಕೆ ಕೊಟ್ಟೆ, ಇನ್ನೂ ಹೆಚ್ಚು ಹೇಳಬಹುದಿತ್ತು.

ಕಳೆದ ವರ್ಷ, ಅಂದರೆ 2025ರಲ್ಲಿ, ಮುಂಗಾರು ಮೇ ಕೊನೆಯ ವಾರಕ್ಕೇ ಬಂದುಬಿಟ್ಟಿತು. ಊರಿನಲ್ಲಿ ಎಲ್ಲರ ಚಾಪೆಗಳೂ ಅಟ್ಟ ಸೇರಿದವು. ಮರದಲ್ಲಿ ಕಾಯಿ ತುಂಬಿತ್ತು, ಮಾಡುವವರಿಲ್ಲ. ಅಕ್ಕಪಕ್ಕದವರು ಕಾಯನ್ನು ಪುಕ್ಕಟೆ ತಂದುಹಾಕಿದರು. ಬದಲಿಗೆ ಅವರ ಮನೆಗೆ ನೂರು ನೂರು ಹಪ್ಪಳ ಕೊಟ್ಟೆ. ಸೊಳೆ ಬಿಡಿಸಲು ಮೊದಲು ಮುಯ್ಯಾಳಿನ (ಕೆಲಸಕ್ಕೆ ಬದಲು ಕೆಲಸ) ಲೆಕ್ಕದಲ್ಲಿ ಬರುತ್ತಿದ್ದ ಇಬ್ಬರು ಹೆಂಗಸರಿಗೆ ಈಗ ದಿನಕ್ಕೆ ನಾನೂರು ಕೂಲಿ. ಹತ್ತು ಹನ್ನೆರಡು ಕಿಲೋದ ಒಂದು ಬಕ್ಕೆ (ಗಟ್ಟಿ ಸೊಳೆಯ ಹಲಸು) ಕಾಯಿಗೆ ನೂರು, ನೂರಿಪ್ಪತ್ತು ಹಪ್ಪಳ ಆಗುತ್ತದೆ. ಜುಲೈ ಮುಗಿಯುವ ಹೊತ್ತಿಗೆ ಹದಿನೆಂಟು ಸಾವಿರದ ಹತ್ತಿರ ಒತ್ತಿರಬೇಕು. ಹಪ್ಪಳವೊಂದಕ್ಕೆ ಸರಾಸರಿ ನಾಲ್ಕೂವರೆ ರೂಪಾಯಿಯಂತೆ ಎಂಬತ್ತು ಸಾವಿರ ಬಂತು. ಕೂಲಿಗೆ ಇಪ್ಪತ್ತೆರಡು, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ ಎಂಟು, ಕೊಳವೆ, ಬಲೆ, ಸಣ್ಣಪುಟ್ಟದ್ದಕ್ಕೆ ಹತ್ತು ಹನ್ನೆರಡು ಸಾವಿರ ಕಳೆದರೆ ಕೈಯಲ್ಲಿ ಉಳಿದದ್ದು ನಲವತ್ತಕ್ಕೆ ಸ್ವಲ್ಪ ಕಡಿಮೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ವರ್ಷಕ್ಕೆ ನೂರು ರೂಪಾಯಿ ಕಟ್ಟಿದೆ, ಅಂಗಡಿಯವರು ಅದಿಲ್ಲದೆ ಮುಟ್ಟುವುದಿಲ್ಲ. ಉಳಿದ ದುಡ್ಡಿನಲ್ಲಿ ಮಗನ ಫೀಸು ಕಟ್ಟಿ, ಸೊಸೈಟಿಗೆ ಬಡ್ಡಿ ತುಂಬಿದೆವು. ಅಸಲು ಹಾಗೆಯೇ ಇದೆ.

ನವರಾತ್ರಿಗೆ ಮುಂಚೆ ತಟ್ಟಿ ಕಿತ್ತು, ನೆಲ ಬಳಿದು ಮಾವನಿಗೆ ಪಾಲಿಹೌಸ್ ಒಪ್ಪಿಸಿದೆ. ಆ ವರ್ಷದ ಅಡಿಕೆ ಮಂಡಿಗೆ ಹೋಯಿತು, ವಾಸನೆಯ ಮಾತು ಯಾರೂ ಎತ್ತಲಿಲ್ಲ. ಮಾವ ಈಗ ಸಂಜೆ ಕೆಂಡದಲ್ಲಿ ಸುಟ್ಟ ಎರಡು ಹಪ್ಪಳ ಮತ್ತು ಕಾಯಿಚೂರು ಇಲ್ಲದೆ ಕಾಫಿ ಮುಟ್ಟುವುದಿಲ್ಲ. ಒಂದು ಸೀಸನ್ನಿಗೆ ಅವರೊಬ್ಬರದೇ ಇನ್ನೂರು ಮುನ್ನೂರು ಹಪ್ಪಳ, ಅದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.

ನೋಡಲು ಬರುವವರು ಜೂನ್‌ನಲ್ಲಿ ಬನ್ನಿ, ಒಲೆ ಹೊತ್ತಿರುತ್ತದೆ. ಹಪ್ಪಳ ಬೇಕಾದವರು ಚೌತಿಯೊಳಗೆ ಹೇಳಿ. ಆಮೇಲೆ ಪಾಲಿಹೌಸ್ ಅಡಿಕೆಗೆ ಬೇಕು.