ಮಸ್ಸೂರಿಯ ನೀರಲ್ಲಿ ನನ್ನ ಬೇಳೆ ಬೇಯಲಿಲ್ಲ

ನಾನು ಪಾವಗಡದ ಕಡೆಯವನು. ನಮ್ಮಲ್ಲಿ ನೀರಿನ ಕೆಮಿಸ್ಟ್ರಿ ಅಂದರೆ ಫ್ಲೋರೈಡ್. ಬೋರ್‌ವೆಲ್ ನೀರು, ಗ್ರಾನೈಟ್ ಬಂಡೆ, ಹಲ್ಲಿನ ಮೇಲೆ ಕಂದು ಕಲೆ, ಇಷ್ಟೇ ನನ್ನ ಪ್ರಪಂಚ. ಸಂಶೋಧನೆಗೆಂದು ಉತ್ತರಾಖಂಡದ ಮಸ್ಸೂರಿಯ ಬೆಟ್ಟಸಾಲಿನ ಒರತೆಗಳ ಕೆಲಸ ಸಿಕ್ಕಾಗ, ನೀರು ಎಲ್ಲಾದರೂ ನೀರೇ ಅಂದುಕೊಂಡು ರೈಲು ಹತ್ತಿದೆ.

ಅಲ್ಲಿ ಕಲ್ಲೇ ಬೇರೆ. ಸೋಲನ್ ಹತ್ತಿರದ ಕ್ರೋಲ್ ಬೆಟ್ಟದ ಹೆಸರು ಹೊತ್ತ ಪದರಗಳು ಹಿಮಾಚಲದಿಂದ ನೈನಿತಾಲ್‌ವರೆಗೆ ಹಾಸಿಕೊಂಡಿವೆ. ಸುಣ್ಣದಕಲ್ಲು, ಮೆಗ್ನೀಸಿಯಂ ಬೆರೆತ ಅದರ ದಾಯಾದಿ ಡೋಲೊಮೈಟ್, ನಡುನಡುವೆ ಜೇಡಿ ಗಟ್ಟಿಯಾದ ಶೇಲ್. ಐವತ್ತೈದು ಅರವತ್ತು ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಕೂತ ಕೆಸರು ಅದು. ಮಸ್ಸೂರಿಯಲ್ಲಿ ಈ ಪದರಗಳು ತೊಟ್ಟಿಲ ಹಾಗೆ ಬಾಗಿವೆ, ತೊಟ್ಟಿಲೊಳಗೆ ಇನ್ನೂ ಎಳೆಯದಾದ ತಾಲ್ ಗುಂಪಿನ ಕಲ್ಲು ಕೂತಿದೆ. ಯಾವುದು ಸುಣ್ಣದಕಲ್ಲು, ಯಾವುದು ಡೋಲೊಮೈಟ್ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಸಣ್ಣ ಬಾಟಲಿಯಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಜೇಬಲ್ಲಿರಬೇಕು. ಸುಣ್ಣದಕಲ್ಲಿನ ಮೇಲೆ ಹನಿ ಬಿದ್ದರೆ ಬುಸ್ಸೆಂದು ನೊರೆ. ಡೋಲೊಮೈಟ್ ಸುಮ್ಮನಿರುತ್ತದೆ, ಚಾಕುವಿನಿಂದ ಕೆರೆದು ಆ ಪುಡಿಗೆ ಹಾಕಿದರೆ ಮಾತ್ರ ಮೆಲ್ಲಗೆ ಗುಳ್ಳೆ ಬಿಡುತ್ತದೆ. ನನ್ನ ಎರಡು ಪ್ಯಾಂಟುಗಳ ಜೇಬು ಈ ಆಸಿಡ್‌ಗೆ ಬಲಿಯಾದವು.

ಮೊದಲ ಸೀಸನ್‌ನಲ್ಲಿ ನಾನು ಮಾಡಿದ್ದು ಪೆದ್ದು ಕೆಲಸ. ಒರತೆಗೆ ಅಲ್ಲಿ ಧಾರಾ ಅನ್ನುತ್ತಾರೆ. ಧಾರಾದ ಬಾಯಿಗೆ ಎರಡು ಬಾಟಲಿ (ಒಂದು ಕ್ಯಾಲ್ಸಿಯಂ ಅಳೆಯಲು, ಒಂದು ಬೈಕಾರ್ಬನೇಟ್ ಅಳೆಯಲು) ಹಿಡಿದು, ತುಂಬಿಸಿ, ಲೇಬಲ್ ಅಂಟಿಸಿ, ವಾರದ ನಂತರ ಲ್ಯಾಬಿನಲ್ಲಿ ಅಳೆದೆ. ಊರಿನ ಬೋರ್‌ವೆಲ್‌ಗೆ ಅಷ್ಟು ಸಾಕಾಗಿತ್ತು. ಇಲ್ಲಿ ಲೆಕ್ಕ ಕೂಡಲೇ ಇಲ್ಲ. ನೀರಿನಲ್ಲಿ ಕರಗಿರುವ ಧನ ಅಯಾನುಗಳ (ಕ್ಯಾಲ್ಸಿಯಂ, ಮೆಗ್ನೀಸಿಯಂ ಥರದವು) ವಿದ್ಯುದಂಶವೂ ಋಣ ಅಯಾನುಗಳ (ಬೈಕಾರ್ಬನೇಟ್, ಸಲ್ಫೇಟ್ ಥರದವು) ವಿದ್ಯುದಂಶವೂ ಸಮವಾಗಬೇಕು, ವ್ಯತ್ಯಾಸ ಶೇ. 5ರೊಳಗಿದ್ದರೆ ಒಪ್ಪಬಹುದು. ನನ್ನದು ಶೇ. 11ರ ಹತ್ತಿರ ಬಂತು. ಕ್ಯಾಲ್ಸಿಯಂ ಜಾಸ್ತಿ, ಬೈಕಾರ್ಬನೇಟ್ ಕಮ್ಮಿ. ಉಪಕರಣ ಬೈದೆ, ಡಿಸ್ಟಿಲ್ಡ್ ವಾಟರ್ ಬೈದೆ.

ಕೊನೆಗೆ ಖಾಲಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಒಳಗೋಡೆಯಲ್ಲಿ ತೆಳ್ಳನೆ ಬಿಳಿ ಪೊರೆ ಕಂಡಿತು. ಸ್ನಾನದ ಹಂಡೆಯ ಒಳಗೆ ಕಟ್ಟುತ್ತದಲ್ಲ, ಅಂಥದ್ದು. ಒಂದು ಹನಿ ಆಸಿಡ್ ಬಿಟ್ಟೆ, ನೊರೆ ಬಂತು. ಕಳೆದುಹೋದ ಬೈಕಾರ್ಬನೇಟ್ ಅಲ್ಲಿತ್ತು. ನೆಲದೊಳಗೆ ನೀರು ಮಣ್ಣಿನ ಕಾರ್ಬನ್ ಡೈಆಕ್ಸೈಡನ್ನು ಕುಡಿದು ಹುಳಿಯಾಗಿ ಕಲ್ಲು ಕರಗಿಸಿರುತ್ತದೆ. ಹೊರಗೆ ಬಂದ ಕೂಡಲೇ ಆ ಗ್ಯಾಸು ಹಾರಿಹೋಗುತ್ತದೆ, ಕರಗಿದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಕ್ಯಾಲ್ಸಿಯಂ ಅಳೆಯುವ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕಿದ್ದರಿಂದ ಅದು ಉಳಿದಿತ್ತು. ಇನ್ನೊಂದು ಬಾಟಲಿಗೆ ಹಾಕುವಂತಿಲ್ಲ, ಹಾಕಿದರೆ ಬೈಕಾರ್ಬನೇಟೇ ಸತ್ತುಹೋಗುತ್ತದೆ.

ಎರಡನೇ ಸೀಸನ್‌ಗೆ ಆಸಿಡ್ ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ ಬ್ಯೂರೆಟ್ಟನ್ನೇ ಬೆನ್ನಿಗೆ ಕಟ್ಟಿಕೊಂಡು ಹೋದೆ. ಧಾರಾದ ಪಕ್ಕದ ಕಲ್ಲಿನ ಮೇಲೆ ಕೂತು ಮೊದಲು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ. ಮೀಟರ್ ಸರಿಹೊಂದಿಸುವ ಬಫರ್ ಬಾಟಲಿಗಳನ್ನೂ ಅದೇ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಬೇಕು, ತಾಪ ಒಂದಾಗಲಿ ಅಂತ. ಒಂದು ಧಾರಾದಲ್ಲಿ 7.3 ಬಂದದ್ದು ಗ್ಯಾಸು ಹಾರಿ ಸಂಜೆ ರೂಮಿನಲ್ಲಿ 8.2 ಆಗಿತ್ತು. ಆಮೇಲೆ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದ 50 ಮಿಲಿ ನೀರಿಗೆ ಬ್ರೋಮೋಕ್ರೆಸಾಲ್ ಗ್ರೀನ್ ಅನ್ನುವ ಬಣ್ಣದ ಸೂಚಕ ಹಾಕಿ, 0.02 ನಾರ್ಮಲ್ ಸಲ್ಫ್ಯೂರಿಕ್ ಆಸಿಡ್ ಹನಿ ಹನಿ. ನೀಲಿ ಹಸಿರಾಗಿ, ಹಳದಿಗೆ ತಿರುಗುವ ಆ ಒಂದು ಹನಿ ಬೆಟ್ಟದ ಗಾಳಿಯಲ್ಲಿ ತಪ್ಪಿಸಿಕೊಳ್ಳುವುದು ಬಲು ಸುಲಭ. 11.6 ಮಿಲಿ ಆಸಿಡ್ ಹೋಯಿತು, ಆಸಿಡ್ ಹೋದಷ್ಟೂ ಬೈಕಾರ್ಬನೇಟ್ ಇದೆ ಅಂತ ಅರ್ಥ. ವಾರ ಇಟ್ಟ ಬಾಟಲಿಯಲ್ಲಿ ಅದೇ 9ಕ್ಕೆ ಇಳಿದಿತ್ತು. ಸ್ಥಳದಲ್ಲಿ ಅಳೆದ ಅಂಕಿ ಹಾಕಿದೆ, ಲೆಕ್ಕ ಕೂಡಿತು.

ಅಲ್ಲಿಂದ ಮುಂದೆ ಕಲ್ಲು ತಾನೇ ಮಾತಾಡತೊಡಗಿತು. ಡೋಲೊಮೈಟ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಒಂದಕ್ಕೊಂದು ಸಮ. ಅದರೊಳಗೆ ಹರಿದು ಬಂದ ನೀರಿನಲ್ಲೂ ಮೋಲ್ ಲೆಕ್ಕದಲ್ಲಿ (ತೂಕವಲ್ಲ, ಕಣಗಳ ಎಣಿಕೆ) ಹೆಚ್ಚುಕಡಿಮೆ ಸಮವೇ. ಬರೀ ಸುಣ್ಣದಕಲ್ಲಿನ ನೀರಾದರೆ ಮೆಗ್ನೀಸಿಯಂ ತೀರಾ ಹಿಂದೆ. ತಾಲ್‌ನ ಕ್ವಾರ್ಟ್ಜೈಟ್ (ಮರಳು ಬೆಸೆದು ಗಟ್ಟಿಯಾದ ಕಲ್ಲು) ಸಂದಿನಿಂದ ಬರುವ ನೀರಿನಲ್ಲಿ ಎರಡೂ ಹೆಸರಿಗಷ್ಟೇ. ತಲೆ ತಿಂದದ್ದು ಸಲ್ಫೇಟ್. ಡೆಹ್ರಾಡೂನ್ ಹತ್ತಿರದ ಸಹಸ್ರಧಾರಾ ಕಡೆ ಕ್ರೋಲ್ ಪದರಗಳಲ್ಲಿ ಜಿಪ್ಸಂ ಇದೆ, ಅದು ಕರಗಿದರೂ ಸಲ್ಫೇಟ್. ಕಪ್ಪು ಶೇಲ್‌ನ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಗಾಳಿ, ನೀರು ತಾಗಿ ಸಲ್ಫ್ಯೂರಿಕ್ ಆಸಿಡ್ ಆಗಿ ಕಲ್ಲು ಕರಗಿಸಿದರೂ ಸಲ್ಫೇಟ್. ಜಿಪ್ಸಂ ತರುವುದು ಕ್ಯಾಲ್ಸಿಯಂ ಮಾತ್ರ, ಆಸಿಡ್ ಡೋಲೊಮೈಟನ್ನು ಕಡಿದರೆ ಮೆಗ್ನೀಸಿಯಂ ಕೂಡ ಏರುತ್ತದೆ. ಆದರೂ ಇದೊಂದನ್ನೇ ನಂಬಿ ತೀರ್ಪು ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ, ಗಂಧಕದ ಐಸೊಟೋಪ್ (ತೂಕದಲ್ಲಷ್ಟೇ ಬೇರೆಯಾದ ಗಂಧಕದ ಪರಮಾಣುಗಳು) ನೋಡಲೇಬೇಕು.

ಒಂದು ಡೋಲೊಮೈಟ್ ಧಾರಾದಲ್ಲಿ ದಿನಾ ನೀರು ಹಿಡಿಯುವ ದೀದಿ ನನ್ನ ಬ್ಯೂರೆಟ್ ನೋಡಿ ಹೇಳಿದ್ದರು: "ಇದಕ್ಕೆಲ್ಲ ಯಾಕೆ ಕಷ್ಟ ಪಡ್ತೀಯ ಭೈಯಾ, ಈ ನೀರಲ್ಲಿ ರಾಜ್ಮಾ ಬೇಯಲ್ಲ." 2,000 ಮೀಟರ್ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ, ಅದರಿಂದ ಇರಬಹುದು ಅಂತ ನನ್ನ ವಾದ. ಕುಕ್ಕರ್ ಇಟ್ಟರೆ ಆ ತಕರಾರು ಇರುವುದಿಲ್ಲವಲ್ಲ. ಒಂದೇ ಪೊಟ್ಟಣದ ರಾಜ್ಮಾ, ಒಂದು ಪಾಲು ಮಳೆನೀರಲ್ಲಿ, ಒಂದು ಪಾಲು ಧಾರಾ ನೀರಲ್ಲಿ ರಾತ್ರಿ ನೆನೆಹಾಕಿ, ಒಂದಾದ ಮೇಲೊಂದು ಐದೈದು ಸೀಟಿ ಹೊಡೆಸಿದೆ. ಮಳೆನೀರಿನದು ಬೆರಳಲ್ಲಿ ಹಿಸುಕಿದರೆ ಹಿಟ್ಟು. ಧಾರಾ ನೀರಿನದು ಸಿಪ್ಪೆ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತಿತ್ತು. ಕಾಳಿನ ಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಗಂಟು ಹಾಕಿಕೊಂಡರೆ ಹೀಗೇ.

ಮೇಲಿನ ಕ್ವಾರ್ಟ್ಜೈಟ್ ಧಾರಾದ ನೀರು ಮೆದು, ರಾಜ್ಮಾಗೆ ಅದನ್ನು ತನ್ನಿ ಅಂತ ದೀದಿಗೆ ಹೇಳಿದೆ. ಮುಕ್ಕಾಲು ಗಂಟೆ ಏರು ದಾರಿ.

"ಹೋಗು, ನೀನೇ ತಾ," ಅಂದರು. "ನಾನು ಒಂದು ಚಿಟಿಕೆ ಸೋಡಾ ಹಾಕ್ತೀನಿ."